ಮೇಡನ್ ಮಹಾತ್ಮೆ

ಇಂಗ್ಲೆಂಡಿನಲ್ಲಿ ಈಗ ಯಾವ ಹುಡುಗಿಯನ್ನೂ ಯಾರೂ ‘ಮೇಡನ್’ ಅನ್ನುವುದಿಲ್ಲ. ಅಂದರೆ, ಬೆನ್ನ ಹಿಂದೆ ಕವಚ ತೊಟ್ಟ ರಾಜಕುಮಾರನೇನಾದರೂ ಬಂದು ನಿಂತಿದ್ದಾನೋ ಎಂದು ಅವಳು ತಿರುಗಿ ನೋಡಿಯಾಳು. ಮದುವೆಯಾಗದ ಹೆಣ್ಣುಮಗಳಿಗೆ ಇದ್ದ ಆ ಹೆಸರು ಹಳೆಯ ಲಾವಣಿಗಳ ಜೊತೆಗೇ ಅಟ್ಟ ಸೇರಿತು. ಹಾಗಂತ ಪದ ಸುಮ್ಮನೆ ಕೂತಿಲ್ಲ. ಹುಡುಗಿಯರು ಕೈಬಿಟ್ಟ ಮೇಲೆ ಹಡಗು, ಕುದುರೆ, ಭಾಷಣ ಎಂದು ಕಂಡಕಂಡಲ್ಲೆಲ್ಲ ಕೆಲಸಕ್ಕೆ ಸೇರಿಕೊಂಡಿದೆ. ಉತ್ತರ ಇಂಗ್ಲೆಂಡಿನ ಹಳೆಯ ಮನೆಗಳಲ್ಲಿ ಬಟ್ಟೆ ಒಣಹಾಕುವ ಮಡಚು ಸ್ಟ್ಯಾಂಡಿಗೂ ಮೇಡನ್ ಎಂದೇ ಹೆಸರು. ಒದ್ದೆ ಬಟ್ಟೆ ಹೊತ್ತು ನಿಲ್ಲುವ ಕೆಲಸಕ್ಕೆ ಹೆಣ್ಣಿನ ಹೆಸರೇ ಬೇಕಾಯಿತಲ್ಲ!

ನಮ್ಮ ಪೈಕಿ ಬಹಳ ಜನಕ್ಕೆ ಈಕೆಯ ಪರಿಚಯವಾದದ್ದು ಕ್ರಿಕೆಟ್ ಕಾಮೆಂಟರಿಯಲ್ಲಿ. ಆರು ಎಸೆತಕ್ಕೂ ಬೌಲರ್ ರನ್ ಕೊಡದಿದ್ದರೆ ಅದು ಮೇಡನ್ ಓವರ್. ಸ್ಕೋರರ್ ಪುಸ್ತಕದಲ್ಲಿ ಇದಕ್ಕೊಂದು ಚಂದದ ಶಾಸ್ತ್ರವಿದೆ. ಚೌಕದೊಳಗೆ ಸಾಲಿಗೆ ಮೂರರಂತೆ ಆರು ಚುಕ್ಕಿ ಇಟ್ಟು, ಓವರ್ ಮುಗಿದ ಮೇಲೆ ರಂಗೋಲಿ ಎಳೆದಂತೆ ಕೂಡಿಸಿದರೆ ಇಂಗ್ಲಿಷಿನ ‘ಎಂ’ ಮೂಡುತ್ತದೆ. ನಡುವೆ ವಿಕೆಟ್ ಬಿದ್ದಿದ್ದರೆ ಗೆರೆಗಳು ತಲೆಕೆಳಗಾಗಿ ‘ಡಬ್ಲ್ಯೂ’ ಆಗುತ್ತವೆ. ಮೇಡನ್ ಹಾಕುವ ಕಲೆಯಲ್ಲಿ ಭಾರತದ ಬೌಲರ್ ಬಾಪು ನಾಡಕರ್ಣಿಯನ್ನು ಮೀರಿಸಿದವರಿಲ್ಲ. 1964ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡಿನ ವಿರುದ್ಧ ಒಂದೇ ಇನಿಂಗ್ಸಿನಲ್ಲಿ 32 ಓವರ್ ಹಾಕಿದರು. ಅದರಲ್ಲಿ 27 ಮೇಡನ್, 21 ಒಂದರ ಹಿಂದೊಂದು. ಕೊಟ್ಟದ್ದು ಐದೇ ರನ್. ವಿಕೆಟ್? ಒಂದೂ ಇಲ್ಲ. ಇಪ್ಪತ್ತೇಳು ಕನ್ಯೆಯರನ್ನು ಮಂಟಪದವರೆಗೆ ಕರೆತಂದು, ಒಬ್ಬಳಿಗೂ ಗಂಡು ಸಿಗದೆ ವಾಪಸು ಕಳಿಸಿದ ಹಾಗೆ!

ಕುದುರೆ ರೇಸಿನಲ್ಲಿ ಕತೆ ಇನ್ನೂ ವಿಚಿತ್ರ. ಒಂದು ಓಟವನ್ನೂ ಗೆಲ್ಲದ ಕುದುರೆಗೆ ಮೇಡನ್ ಎನ್ನುತ್ತಾರೆ. ಗಂಡೋ ಹೆಣ್ಣೋ ಯಾರೂ ಕೇಳುವುದಿಲ್ಲ. ಮೀಸೆ ತಿರುವುವಂಥ ಗಂಡು ಕುದುರೆಯೂ ಗೆಲ್ಲುವ ತನಕ ಮೇಡನ್ನೇ. ಗೆದ್ದ ದಿನವೇ ಅದರ ಕನ್ಯಾಸೆರೆ ಬಿಡುವುದು.

ನನಗೆ ತುಂಬ ಹಿಡಿಸಿದ್ದು ನಮ್ಮ ಪತ್ರಿಕೆಯವರ ಜಾಣತನ. ಹಡಗಿನ ಮೊದಲ ಯಾನ, ಶಾಸಕರ ಮೊದಲ ಭಾಷಣ, ಆಟಗಾರನ ಮೊದಲ ಶತಕ, ಇಂಗ್ಲಿಷಿನವರಿಗೆ ಎಲ್ಲವೂ ಮೇಡನ್. ನಮ್ಮವರು ಅದನ್ನೆಲ್ಲ ‘ಚೊಚ್ಚಲ’ ಮಾಡಿಬಿಟ್ಟರು. ಚೊಚ್ಚಲೆಂದರೆ ಮೊದಲ ಹೆರಿಗೆ! ಅಲ್ಲಿ ಇನ್ನೂ ಮದುವೆಯೇ ಆಗಿಲ್ಲ. ಇಲ್ಲಿ ಬಾಣಂತನಕ್ಕೆ ಬೆಳ್ಳುಳ್ಳಿ ಸುಲಿಯುತ್ತಿದ್ದಾರೆ. 1912ರ ಏಪ್ರಿಲ್ 10ಕ್ಕೆ ಸೌತಾಂಪ್ಟನ್ ಬಿಟ್ಟು 15ರ ನಸುಕಿಗೆ ಮುಳುಗಿದ ಟೈಟಾನಿಕ್ ಕೂಡ ಕನ್ನಡದಲ್ಲಿ ಚೊಚ್ಚಲ ಯಾನವನ್ನೇ ಮಾಡಿತು. ಓವರಿನ ಹತ್ತಿರ ಬಂದಾಗ ಮಾತ್ರ ನಮ್ಮವರು ಗಪ್‌ಚಿಪ್. ಅದು ಇವತ್ತಿಗೂ ಮೇಡನ್ ಓವರೇ. ರನ್ನೇ ಹುಟ್ಟದ ಓವರನ್ನು ಚೊಚ್ಚಲು ಅನ್ನಲು ಯಾರಿಗೂ ಬಾಯಿ ಬರಲಿಲ್ಲವೇನೋ.

ಎಲ್ಲ ಮೇಡನ್‌ಗಳೂ ಸಾಧುವಲ್ಲ. ಎಡಿನ್‌ಬರೋದ ಮ್ಯೂಸಿಯಮ್ಮಿನಲ್ಲಿ ‘ಮೇಡನ್’ ಹೆಸರಿನ ಒಂದು ಶಿರಚ್ಛೇದ ಯಂತ್ರವಿದೆ. ಫ್ರಾನ್ಸಿನ ಗಿಲೊಟಿನ್‌ಗಿಂತ ಇನ್ನೂರು ವರ್ಷ ಹಿರಿಯಳು. 1581ರಲ್ಲಿ ಸ್ಕಾಟ್ಲೆಂಡಿನ ಮಾಜಿ ರೀಜೆಂಟ್, ಮಾರ್ಟನ್ನಿನ ಅರ್ಲ್, ಇವಳಿಗೇ ಕೊರಳೊಡ್ಡಿದ. ಇನ್ನು ‘ಐರನ್ ಮೇಡನ್’ ಎಂದು ಹೆಸರಿಟ್ಟುಕೊಂಡ ಇಂಗ್ಲೆಂಡಿನ ರಾಕ್ ಬ್ಯಾಂಡಿನ ಉದ್ದ ಕೂದಲಿನ ಗಂಡಸರು 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೇ ಬಂದು ಅಬ್ಬರಿಸಿ ಹೋದರು.

ಇದನ್ನೆಲ್ಲ ಸಹಿಸಬಹುದು, ತಡೆಯಲಾಗದ್ದು ಅರ್ಜಿಯಲ್ಲಿ ಕೂತ ಮೇಡನ್. ‘ತಾಯಿಯ ಮೇಡನ್ ನೇಮ್?’ ಎಂದು ಬ್ಯಾಂಕಿನವರು ಫೋನಿನಲ್ಲೂ ಕೇಳುತ್ತಾರೆ. ಅಮ್ಮನಿಗೆ ಮದುವೆಗೆ ಮುಂಚೆ ಅಡ್ಡಹೆಸರು ಎಲ್ಲಿತ್ತು? ತವರೂರಿಗೊಂದು, ಅಪ್ಪನ ಹೆಸರಿಗೊಂದು, ಎರಡು ಇನಿಷಿಯಲ್ ಇದ್ದವು. ಎರಡಕ್ಷರ ಸಾಲದಂತೆ, ಕಡಿಮೆಯೆಂದರೂ ನಾಲ್ಕು ಬೇಕಂತೆ. ಉತ್ತರ ಕರ್ನಾಟಕದ ಕಡೆ ಕೆಲವು ಮನೆಗಳ ಪದ್ಧತಿ ಇದಕ್ಕಿಂತ ತೊಡಕು. ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಮದುಮಗ ಉಂಗುರದಿಂದ ಹೊಸ ಹೆಸರು ಬರೆದರೆ, ಹುಡುಗಿಯ ಹುಟ್ಟುಹೆಸರೇ ಹೋಯಿತು. ತವರಿನವರು ಹಳೆ ಹೆಸರಲ್ಲಿ, ಅತ್ತೆಮನೆಯವರು ಹೊಸ ಹೆಸರಲ್ಲಿ ಕರೆಯುತ್ತಾರೆ. ರೇಷನ್ ಕಾರ್ಡಿನಲ್ಲಿ ಮೂರನೆಯದೊಂದು ಕೂತಿರುತ್ತದೆ. ಆ ತಾಯಂದಿರ ಮಕ್ಕಳು ಯಾವ ಹೆಸರು ತುಂಬಬೇಕು?

ಕೊನೆಗೆ ಅಮ್ಮನನ್ನೇ ಕೇಳಿದೆ: “ಮದುವೆಗೆ ಮುಂಚಿನ ನಿನ್ನ ಹೆಸರು ಕೇಳ್ತಿದಾರಮ್ಮ, ಬ್ಯಾಂಕಿನವರು.”

ಅಮ್ಮ ಮೊರದಿಂದ ತಲೆಯೆತ್ತಲಿಲ್ಲ. “ಈಗ ಯಾಕಂತೆ? ಹುಡುಗನ ಕಡೆಯವರಾ?”