ಸಂಪರ್ಕಮೀಮಾಂಸೆ: ಕಲ್ಯಾಣಮಂಟಪವನ್ನು ಪ್ರಮಾಣವಾಗಿಟ್ಟುಕೊಂಡ ಒಂದು ವಿವೇಚನೆ

ಸ್ವವೃತ್ತಿನಿರತನೆಂದರೆ ತಿಂಗಳ ಕೊನೆಗೆ ಯಾರಿಂದಲೂ ಸಂಬಳ ಬಾರದ, ರಜೆಗೆ ಅರ್ಜಿ ಹಾಕಲು ಮೇಲಧಿಕಾರಿಯಿಲ್ಲದ, ಆದಕಾರಣ ರಜೆಯೂ ಇಲ್ಲದ ಜೀವಿಯೆಂದು ಈ ಶಾಸ್ತ್ರದಲ್ಲಿ ಲಕ್ಷಣ ಹೇಳಲಾಗುತ್ತದೆ. ವಕೀಲ, ಜನ ಆಡಿಟರೆಂದು ಕರೆಯುವ ಚಾರ್ಟರ್ಡ್ ಅಕೌಂಟೆಂಟ್, ವಾಸ್ತುಶಿಲ್ಪಿ, ಸ್ವಂತ ಕ್ಲಿನಿಕ್ಕಿನ ದಂತವೈದ್ಯ ಮುಂತಾದವರು ಈ ವರ್ಗಕ್ಕೆ ಸೇರುತ್ತಾರೆ. ಇಂಥವರ ಲೆಕ್ಕಪತ್ರದ ತೊಡಕನ್ನು ತಗ್ಗಿಸಲು 2016ರ ಹಣಕಾಸು ಕಾಯ್ದೆಯು ಆದಾಯ ತೆರಿಗೆ ಕಾಯ್ದೆಗೆ 44ಎಡಿಎ ಎಂಬ ಕಲಮನ್ನು ಸೇರಿಸಿ, ಒಂದು ಮಿತಿಯೊಳಗಿನ ವೃತ್ತಿಪರನ ಒಟ್ಟು ವಸೂಲಿಯ ಅರ್ಧದಷ್ಟನ್ನು ಲಾಭವೆಂದು ಭಾವಿಸಿಕೊಳ್ಳಲು ಅವಕಾಶ ಮಾಡಿತು. ಬಂಧುವರ್ಗವಾದರೋ ವಸೂಲಿಯೆಲ್ಲವೂ ಲಾಭವೇ ಎಂದು ಅದಕ್ಕೂ ಬಹಳ ಹಿಂದಿನಿಂದ ಭಾವಿಸಿಕೊಂಡು ಬಂದಿದ್ದು, ಈ ಭಾವನೆಗೆ ಯಾವ ಮಿತಿಯನ್ನೂ ಹಾಕಿಕೊಂಡಿಲ್ಲ. ಇಂಥ ಜೀವಿಗೆ ಕೆಲಸವೆಂಬುದು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವುದೇ ಸಂಪರ್ಕಮೀಮಾಂಸೆ. ತಾನಾಗಿ ಕೆಲಸ ಕೇಳದೆ ಕೆಲಸ ತಾನಾಗಿ ಬರುವಂತೆ ಮಾಡುವ ಪರಿಚಯಗಳ ಸಮೂಹಕ್ಕೆ ಇಲ್ಲಿ ಸಂಪರ್ಕವೆಂದು ಹೆಸರು.

ಈ ಶಾಸ್ತ್ರದ ಪೂರ್ವಪಕ್ಷವು ಅಮೆರಿಕದಿಂದ ಬಂದದ್ದು. ಚಿಕಾಗೊ ನಗರದ ವಕೀಲ ಪಾಲ್ ಹ್ಯಾರಿಸ್ 1905ರ ಫೆಬ್ರುವರಿ 23ರಂದು ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್ ಮತ್ತು ಒಬ್ಬ ದರ್ಜಿಯೊಡನೆ ಕೂಡಿ ಸಭೆ ನಡೆಸಿದನು. ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದ ಈ ಕೂಟವೇ ರೋಟರಿ ಎನಿಸಿಕೊಂಡಿತು. ಅದು ಸ್ನೇಹಕ್ಕಾಗಿ ಹುಟ್ಟಿತೆಂಬುದು ಪ್ರಸಿದ್ಧವಾದ ಮಾತಾದರೂ, ಆ ನಾಲ್ವರಲ್ಲಿ ಎರಡನೆಯ ವಕೀಲನಿರಲಿಲ್ಲವೆಂಬುದನ್ನು ಮೀಮಾಂಸಕನು ಮರೆಯಬಾರದು. 1985ರಲ್ಲಿ ಕ್ಯಾಲಿಫೋರ್ನಿಯದ ಐವನ್ ಮೈಸ್ನರ್ ಎಂಬ ಸಲಹೆಗಾರ ಕಟ್ಟಿದ ಬಿಎನ್‌ಐ ಸಂಘವು, ಇಂದು ಬೆಂಗಳೂರಿನಲ್ಲೂ ಬೆಳಗಿನ ತಿಂಡಿಯ ಹೊತ್ತಿಗೆ ಸೇರುವಂಥದು, ಈ ಗುಟ್ಟನ್ನು ಬಯಲು ಮಾಡಿ ಒಂದು ಶಾಖೆಗೆ ಒಂದು ವೃತ್ತಿಯಿಂದ ಒಬ್ಬನೇ ಎಂದು ನಿಯಮವನ್ನೇ ವಿಧಿಸಿತು. ಇಬ್ಬರು ದಂತವೈದ್ಯರು ಒಂದೇ ಮೇಜಿನಲ್ಲಿ ಕೂತರೆ ಇಡ್ಲಿಯಷ್ಟೇ ಹಂಚಿಕೆಯಾಗುತ್ತದೆ, ರೋಗಿಗಳಲ್ಲ ಎಂಬುದು ಈ ನಿಯಮದ ತಾತ್ಪರ್ಯ.

ಭಾರತದಲ್ಲಿ ವಿಷಯವು ಇಷ್ಟು ಸರಳವಾಗಿಲ್ಲದಿರಲು ಕಾರಣ ಕಾನೂನು. 1949ರ ಚಾರ್ಟರ್ಡ್ ಅಕೌಂಟೆಂಟರ ಕಾಯ್ದೆಯ ಮೊದಲ ಅನುಸೂಚಿಯು ಸುತ್ತೋಲೆಯಿಂದಾಗಲಿ, ಜಾಹೀರಾತಿನಿಂದಾಗಲಿ, ಖುದ್ದು ಭೇಟಿಯಿಂದಾಗಲಿ, ನೇರವಾಗಿಯೋ ಪರೋಕ್ಷವಾಗಿಯೋ ಗಿರಾಕಿಯನ್ನು ಯಾಚಿಸುವುದನ್ನು ವೃತ್ತಿದೋಷವೆಂದು ಎಣಿಸುತ್ತದೆ. ಬಾರ್ ಕೌನ್ಸಿಲ್ಲಿನ 36ನೇ ನಿಯಮವು ವಕೀಲರಿಗೆ ಇದೇ ವ್ರತವನ್ನು ಹೇಳಿ, ಬಾಗಿಲ ಮೇಲಿನ ನಾಮಫಲಕವೂ ಮಿತವಾದ ಅಳತೆಯದಾಗಿರಬೇಕೆಂದು ಎಚ್ಚರಿಸುತ್ತದೆ. 2008ರಲ್ಲಿ ವಕೀಲರು ಹೆಸರು, ವಿಳಾಸ, ವಿದ್ಯಾರ್ಹತೆಗಳಂಥ ವಿವರಗಳಷ್ಟೇ ಇರುವ ಅಂತರ್ಜಾಲ ತಾಣವನ್ನು ಇಟ್ಟುಕೊಳ್ಳಬಹುದೆಂದು ತುಸು ಸಡಿಲಿಸಲಾಯಿತು. ಆಡಿಟರನ ಮಟ್ಟಿಗೆ ಕಾಯ್ದೆಯೇ ಒಂದು ಅಪವಾದವನ್ನು ಕರುಣಿಸಿದ್ದು, ಅವನು ಇನ್ನೊಬ್ಬ ಆಡಿಟರನ ಬಳಿ ಕೆಲಸ ಕೇಳಬಹುದು. ಹಸಿದವನು ಹಸಿದವನ ಮನೆಗೇ ಊಟಕ್ಕೆ ಹೋಗಬಹುದೆಂಬ ಈ ವಿಧಿಯ ಔದಾರ್ಯವನ್ನು ಎಷ್ಟು ಹೊಗಳಿದರೂ ಸಾಲದು.

ಹೀಗೆ ಬಾಯಿ ಕಟ್ಟಿಸಿಕೊಂಡ ವೃತ್ತಿಪರನಿಗೆ ಉಳಿದಿರುವ ಏಕೈಕ ಪುಣ್ಯಕ್ಷೇತ್ರ ಕಲ್ಯಾಣಮಂಟಪ. ಅಲ್ಲಿ ಆತನು ಯಾರನ್ನೂ ಯಾಚಿಸಬೇಕಾಗಿಲ್ಲ, ಏಕೆಂದರೆ ಪಕ್ಕದ ಕುರ್ಚಿಯವರು ‘ನೀವು ಹೆಣ್ಣಿನ ಕಡೆಯೋ, ಗಂಡಿನ ಕಡೆಯೋ?’ ಎಂದು ತೊಡಗಿ, ‘ಊರು ಯಾವುದಾಯ್ತು?’ ಎಂಬುದನ್ನು ದಾಟಿ, ಮಾಂಗಲ್ಯಧಾರಣೆಯೊಳಗೆ ‘ಏನ್ ಮಾಡ್ಕೊಂಡಿದ್ದೀರಿ?’ ಎಂಬಲ್ಲಿಗೆ ತಾವಾಗಿಯೇ ಬಂದು ನಿಲ್ಲುತ್ತಾರೆ. ಕೇಳಿದ್ದಕ್ಕೆ ಉತ್ತರ ಕೊಡುವುದನ್ನು ಯಾವ ಅನುಸೂಚಿಯೂ ದೋಷವೆಂದಿಲ್ಲ.

ಆದರೆ ಯಾರ ಪಕ್ಕದಲ್ಲಿ ಕೂರಬೇಕು ಎಂಬುದು ಗಹನವಾದ ಪ್ರಶ್ನೆ. ಇದಕ್ಕೆ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ, ಅದಕ್ಕೆ ಮುನ್ನ ಬೇರೊಂದು ಪತ್ರಿಕೆಯಿಂದ ತಿರಸ್ಕೃತವಾಗಿದ್ದ ಲೇಖನವೇ ಆಧಾರ. ಬಾಸ್ಟನ್ ಬಳಿಯ ಒಂದು ಊರಿನಲ್ಲಿ ಪರಿಚಿತರ ಮೂಲಕ ಹೊಸ ಕೆಲಸ ಹಿಡಿದವರನ್ನು ವಿಚಾರಿಸಿದಾಗ, ಆ ಪರಿಚಿತರನ್ನು ಪದೇ ಪದೇ ಕಾಣುತ್ತಿದ್ದವರು ಶೇ. 16.7, ಆಗೀಗ ಕಾಣುತ್ತಿದ್ದವರು ಶೇ. 55.6, ಅಪರೂಪಕ್ಕೆ ಕಾಣುತ್ತಿದ್ದವರು ಶೇ. 27.8 ಎಂದು ತಿಳಿದುಬಂತು. ಆಪ್ತರಿಗೆ ತಿಳಿದಿರುವುದು ತನಗೂ ತಿಳಿದಿರುತ್ತದೆ, ಹೊಸ ಸುದ್ದಿ ಬರುವುದು ದೂರದವರಿಂದ ಎಂಬುದು ಇದರ ಸಾರ. ಇದನ್ನು ಮಂಟಪಕ್ಕೆ ಅನ್ವಯಿಸಿದರೆ ದೊರೆಯುವ ವಿಧಿಯು ಸ್ಪಷ್ಟ: ಹೆಣ್ಣಿನ ಕಡೆಯ ವೃತ್ತಿಪರನು ಗಂಡಿನ ಕಡೆಯವರ ಪಂಕ್ತಿಯಲ್ಲಿ ಕೂರತಕ್ಕದ್ದು. ಸ್ವಂತ ಕಡೆಯವರ ನಡುವೆ ಕೂತವನಿಗೆ ಹೋಳಿಗೆಗೆ ತುಪ್ಪ ಹೆಚ್ಚು ಬೀಳಬಹುದು, ಕಕ್ಷಿದಾರ ಬೀಳುವುದಿಲ್ಲ.

ಪಂಕ್ತಿಯ ಮಹತ್ವವನ್ನು ಇಲ್ಲಿ ವಿಸ್ತಾರವಾಗಿ ಹೇಳಬೇಕಾಗುತ್ತದೆ. ಎಲೆಯ ಮುಂದೆ ಕೂತವನು ಮಜ್ಜಿಗೆಯನ್ನ ಮುಗಿದು ಎಲ್ಲರೂ ಏಳುವ ತನಕ ಏಳುವಂತಿಲ್ಲವಾದ್ದರಿಂದ, ಕೋಸಂಬರಿಗೂ ಪಾಯಸಕ್ಕೂ ನಡುವೆ ಆರಂಭವಾದ ಮಾತಿನಿಂದ ಆತನಿಗೆ ಬಿಡುಗಡೆಯೆಂಬುದಿಲ್ಲ. ವಿಸಿಟಿಂಗ್ ಕಾರ್ಡನ್ನು ಯಾವಾಗ ಕೊಡಬೇಕೆಂಬಲ್ಲಿ ಮಾತ್ರ ಮತಭೇದವುಂಟು: ಊಟದ ನಡುವೆ ಬಲಗೈ ಎಂಜಲಾಗಿರುತ್ತದೆ, ಎಡಗೈಯಲ್ಲಿ ಕೊಡುವುದು ಅಶುಭ, ಕೈತೊಳೆಯುವ ತೊಟ್ಟಿಯ ಬಳಿ ಕೊಟ್ಟರೆ ಒದ್ದೆಯಾಗುತ್ತದೆ. ತಾಂಬೂಲದ ಚೀಲದಲ್ಲಿ ತೆಂಗಿನಕಾಯಿಯ ಪಕ್ಕಕ್ಕೆ ಜಾರಿಸುವುದೇ ಉತ್ತಮವೆಂದು ಕೆಲವರು ಹೇಳುತ್ತಾರಾದರೂ, ಆ ಚೀಲವು ಮನೆಯಲ್ಲಿ ಬಿಚ್ಚಲ್ಪಡದೆ ಮತ್ತೊಂದು ಸಮಾರಂಭಕ್ಕೆ ದಾಟಿಹೋಗುವ ಸಂಭವವನ್ನು ಅವರು ಗಣಿಸಿಲ್ಲ. ಮಿಸ್ಡ್ ಕಾಲ್ ಎಂಬ ನವೀನ ಸಾಧನವು ಎಡಗೈಗೂ ಸಲ್ಲುವುದರಿಂದ ಈ ವಿವಾದವನ್ನು ಬಹುಮಟ್ಟಿಗೆ ಶಮನಗೊಳಿಸಿದೆ. ಬಫೆ ಪದ್ಧತಿಯು ಬಂದ ಮೇಲೆ ತಟ್ಟೆ ಹಿಡಿದವನು ಚಟ್ನಿಯ ನೆಪದಲ್ಲಿ ತಪ್ಪಿಸಿಕೊಳ್ಳುವಂತಾಗಿರುವುದು ಮಾತ್ರ ಈ ಶಾಸ್ತ್ರಕ್ಕೆ ಒದಗಿದ ದೊಡ್ಡ ಗ್ಲಾನಿ.

ಇನ್ನು ‘ಒಂದ್ ಸಣ್ಣ ಡೌಟು’ ಎಂಬ ಪಾರಿಭಾಷಿಕ ಪದವನ್ನು ವಿವರಿಸಬೇಕು. ಅಜ್ಜನ ಹೆಸರಿನಲ್ಲೇ ಉಳಿದಿರುವ ಪಹಣಿ, ಪೋಡಿಯಾಗದ ಜಮೀನು, ಸಹಿ ಹಾಕಲೊಪ್ಪದ ತಂಗಿ, ಬಿಡಿಎ ಸೈಟಿನ ಖಾತೆ ಇವಿಷ್ಟೂ ಒಟ್ಟಿಗೆ ಸೇರಿರುವ, ನಿಂತ ನಿಲುವಿನಲ್ಲಿ ಉಚಿತವಾಗಿ ಬಗೆಹರಿಯಬೇಕಾದ ಪ್ರಕರಣಕ್ಕೆ ಸಣ್ಣ ಡೌಟೆಂದು ಹೆಸರು. ಸಂಬಂಧ ಹತ್ತಿರವಾದಷ್ಟೂ ಡೌಟು ದೊಡ್ಡದಾಗುತ್ತ, ಶುಲ್ಕ ಸಣ್ಣದಾಗುತ್ತ ಹೋಗಿ, ಸೋದರಮಾವನಲ್ಲಿ ಶೂನ್ಯವನ್ನು ಮುಟ್ಟುತ್ತದೆ. ‘ಫೈಲ್ ತಗೊಂಡು ಆಫೀಸಿಗೆ ಬನ್ನಿ’ ಎಂಬ ಮಹಾವಾಕ್ಯವು ದೂರದವನನ್ನು ಕಕ್ಷಿದಾರನನ್ನಾಗಿಸುತ್ತದೆ. ಮಾವನ ಮೇಲೆ ಅದನ್ನು ಪ್ರಯೋಗಿಸಿದರೆ ಆತನು ನಿಜವಾಗಿಯೂ ಬರುತ್ತಾನೆ, ಕಾಫಿಯನ್ನೂ ತರಿಸಬೇಕಾಗುತ್ತದೆ.

ಹಾಗಾದರೆ ಆಪ್ತಬಂಧುವು ಬರೀ ನಷ್ಟವೇ ಎಂದರೆ, ಅಲ್ಲವೆಂಬುದು ಸಿದ್ಧಾಂತ. ಪುಕ್ಕಟೆ ಸಲಹೆ ಪಡೆದ ಸೋದರಮಾವನು ಮರುದಿನ ಬೆಳಿಗ್ಗೆ ಜಯನಗರದ ಪಾರ್ಕಿನಲ್ಲಿ ಸುತ್ತು ಹಾಕುತ್ತ, ಜತೆಗಾರರಿಗೆ ‘ನಮ್ ಹುಡುಗ, ಭಾರಿ ಆಡಿಟರು’ ಎಂದು ಸಾರುತ್ತಾನೆ. ಗ್ರಾನೊವೆಟರನ ದೂರದವರೆಲ್ಲ ಅಲ್ಲಿಯೇ ನಡೆಯುತ್ತಿರುತ್ತಾರೆ. 1949ರ ಕಾಯ್ದೆಯು ಆಡಿಟರನ ಬಾಯಿಗೆ ಬೀಗ ಹಾಕಿತೇ ಹೊರತು ಮಾವನ ಬಾಯಿಗಲ್ಲ. ಪರೋಕ್ಷ ಯಾಚನೆಯೆಂಬ ಮಾತಿಗೆ ಮಾವನೂ ಒಳಪಡುವನೇ ಎಂಬ ಸಂದೇಹ ಏಳುವುದು ಸಹಜ. ಆದರೆ ಪರೋಕ್ಷವೆನ್ನಬೇಕಾದರೆ ಸೋದರಳಿಯನು ಹೇಳಿಕೊಟ್ಟಂತೆ ಮಾವ ನುಡಿದಿರಬೇಕು, ಅಳಿಯನ ಮಾತು ಕೇಳುವ ಮಾವನು ಮೀಮಾಂಸಕರ ಅನುಭವದಲ್ಲಿ ಇದುವರೆಗೆ ಇಲ್ಲವಾದ್ದರಿಂದ ದೋಷಕ್ಕೆ ಎಡೆಯಿಲ್ಲ. ಆದುದರಿಂದ ಅವನಿಗೆ ಬಿಟ್ಟುಕೊಟ್ಟ ಶುಲ್ಕವನ್ನು ದಾನವೆಂದು ಬರೆಯದೆ, ಕಾನೂನು ನಿಷೇಧಿಸಿದ ಜಾಹೀರಾತಿನ ಕಾನೂನುಬದ್ಧ ವೆಚ್ಚವೆಂದು ಪರಿಗಣಿಸತಕ್ಕದ್ದು.

ಈ ಸಿದ್ಧಾಂತಕ್ಕೆ ಒಂದೇ ಒಂದು ಆಕ್ಷೇಪ ಉಳಿದಿದ್ದು, ಅದಕ್ಕೆ ಪರಿಹಾರವು ಇನ್ನೂ ದೊರೆತಿಲ್ಲ. ಪಾರ್ಕಿನ ಮೂರನೆಯ ಸುತ್ತಿನ ಹೊತ್ತಿಗೆ ಮಾವನು, ‘ದುಡ್ಡುಗಿಡ್ಡು ಏನೂ ತಗೊಳಲ್ಲ, ನನ್ನ ಹೆಸರು ಹೇಳಿ ಸಾಕು’ ಎಂದೂ ಸೇರಿಸಿಬಿಟ್ಟಿರುತ್ತಾನೆ.