ಹತ್ತು ಇಂಚಿನ ರಾಯರು

ಡಲ್ಲಾಸಿನ ಉತ್ತರಕ್ಕೆ, ಪ್ಲೇನೊ ಫ್ರಿಸ್ಕೊ ಕಡೆ ಯಾವ ಕನ್ನಡಿಗರ ಮನೆಗೆ ಊಟಕ್ಕೆ ಹೋದರೂ ಅಲ್ಲಿಗೆ ರಾಯರು ಬಂದಿದ್ದಾರೋ ಇಲ್ಲವೋ ಎಂಬುದು ಬೀದಿಯ ತಿರುವಿನಲ್ಲೇ ಗೊತ್ತಾಗುತ್ತದೆ. ಸಾಲಾಗಿ ನಿಂತ ಒಡಿಸ್ಸಿ, ಸಿಯೆನ್ನಾ ವ್ಯಾನುಗಳ ನಡುವೆ, ಕುರಿಮಂದೆಯಲ್ಲಿ ಆನೆ ಹೊಕ್ಕ ಹಾಗೆ, ಕಪ್ಪು ಬಣ್ಣದ ಫೋರ್ಡ್ ಎಫ್-150 ಪಿಕಪ್ ಟ್ರಕ್ಕು ನಿಂತಿದ್ದರೆ ರಾಯರು ಒಳಗಿದ್ದಾರೆ. ಅವರಿಗೆ ಬೇರೆ ಹೆಸರೂ ಇದೆ. ಆದರೆ ಟೆಕ್ಸಾಸಿನ ಪ್ರತಿ ಊರಲ್ಲೂ ಇಂಥವರು ಒಬ್ಬರಾದರೂ ಇರುವುದರಿಂದ ರಾಯರು ಎಂದರೆ ಸಾಕು.

ಎಫ್ ಸರಣಿಯ ಟ್ರಕ್ಕುಗಳು 1977ರಿಂದ ಅಮೆರಿಕದ ಪಿಕಪ್‌ಗಳಲ್ಲಿ ಮಾರಾಟದಲ್ಲಿ ಮೊದಲನೆಯವು. ಅಷ್ಟು ಜನ ಕೊಳ್ಳುವ ಗಾಡಿಯಲ್ಲಿ ವಿಶೇಷವೇನು ಬಂತು ಅನ್ನಿಸಿತೋ ಏನೋ, ರಾಯರು ಅದನ್ನು ಎತ್ತರಿಸಲು 6 ಇಂಚಿನ ಲಿಫ್ಟ್ ಹಾಕಿಸಿದರು. 31 ಇಂಚಿನ ಟೈರು ತೆಗೆಸಿ 35 ಇಂಚಿನವು ಕೂರಿಸಿದರು. ಮಾರನೆಯ ದಿನ ಅದು 7 ಅಡಿಯ ಗ್ಯಾರೇಜ್ ಬಾಗಿಲೊಳಗೆ ಹೋಗಲಿಲ್ಲ. ಹೀಗಾಗಿ ಗ್ಯಾರೇಜಿನಲ್ಲಿ ಸೋನಾ ಮಸೂರಿ ಮೂಟೆಗಳು ನೆರಳಿನಲ್ಲಿವೆ, ಟ್ರಕ್ಕು ಬಿಸಿಲಲ್ಲಿದೆ. ರಾಯರ ಮನೆಯಾಕೆ ರೇಷ್ಮೆ ಸೀರೆ ಉಟ್ಟು ಹೊರಟರೆ, ಹತ್ತಲು ಒಂದು ಮಣೆ ಬೇಕು. ದೇವರ ಮನೆಯಲ್ಲಿದ್ದ ಮಣೆ ಈಗ ಟ್ರಕ್ಕಿನ ಹಿಂದಿನ ಸೀಟಿನಲ್ಲಿ ಖಾಯಂ.

ರಾಯರು ಕಸುಬಿನಲ್ಲಿ ಡೇಟಾಬೇಸಿನವರು. ಲ್ಯಾಪ್‌ಟಾಪಿಗಿಂತ ಭಾರವಾದದ್ದನ್ನು ಎತ್ತಿದ್ದು ಅಕ್ಕಿ ಮೂಟೆ ಮಾತ್ರ. ಎಳೆದದ್ದಂತೂ ಏನೂ ಇಲ್ಲ. ಅವರ ಬಳಿ ಟ್ರೇಲರ್ ಇರಲಿಲ್ಲ, ಈಗಲೂ ಇಲ್ಲ. ಆದರೂ ಕಳೆದ ವರ್ಷ ಮೂರು ತಿಂಗಳ ಕಾಲ ಅವರು ಚಿಂತಿಸಿದ್ದು ಒಂದೇ ವಿಷಯ: ಇಷ್ಟು ಎತ್ತರದ ಗಾಡಿಗೆ ಟ್ರೇಲರ್ ಕಟ್ಟಬೇಕಾದರೆ ನಡುವಿನ ಕೊಂಡಿಯ, ಅಂದರೆ ಹಿಚ್ಚಿನ, ಡ್ರಾಪ್ ಎಷ್ಟಿರಬೇಕು?

ಇದನ್ನು ಅವರು ಕೇಳುವುದು ನಿಮ್ಮ ಬಾಯಲ್ಲಿ ಬಿಸಿಬೇಳೆಬಾತ್ ಇರುವಾಗಲೇ. ನೀವು ತಲೆಯಾಡಿಸುವಷ್ಟರಲ್ಲಿ ಪಾಠ ಶುರು. ಚೊಂಬು ಟ್ರಕ್ಕಾಗುತ್ತದೆ, ಪಾಯಸದ ಬಟ್ಟಲು ಟ್ರೇಲರ್ ಆಗುತ್ತದೆ, ನಡುವೆ ಸಾರಿನ ಸೌಟು. "ನೋಡಿ ಸ್ವಾಮಿ, ಸೌಟಿನ ಹಿಡಿ ಮೇಲಿದೆ, ಬಾಯಿ ಕೆಳಗಿದೆ. ಇದೇ ಡ್ರಾಪು. ಟ್ರಕ್ಕಿನ ಹಿಂದಿರುವ ರಿಸೀವರ್ ಬಾಯಿಯ ಒಳಗಿನ ಮೇಲಂಚು ನೆಲದಿಂದ ಎಷ್ಟು ಎತ್ತರ, ಅದನ್ನ ಬರ್ಕೊಳಿ. ಟ್ರೇಲರನ್ನ ಮಟ್ಟಸವಾಗಿ ನಿಲ್ಲಿಸಿ ಅದರ ಮೂತಿಯಲ್ಲಿರೋ ಕಪ್ಲರಿನ ತಳ ಎಷ್ಟು ಎತ್ತರ, ಅದನ್ನೂ ಬರ್ಕೊಳಿ. ಕಳೀರಿ. ಅಷ್ಟೇ!" ಅಷ್ಟೇ ಅಂದ ಮೇಲೆ ಇನ್ನು ಮುಕ್ಕಾಲು ಗಂಟೆ. ಸಾರು ಬಡಿಸಲು ಸೌಟಿಲ್ಲದೆ ಮನೆಯವರು ಕಾಯುತ್ತಿರುತ್ತಾರೆ.

ಅವರಿಗೆ ಅತ್ಯಂತ ಪ್ರಿಯವಾದ ಘಟ್ಟ ಟೈರಿನದು. "ಲಿಫ್ಟು 6, ಟೈರು 4 ಇಂಚು ದೊಡ್ಡದಾಯ್ತು. ಒಟ್ಟು ಎಷ್ಟು ಎತ್ತರ ಏರ್ತು?" ಯಾರಾದರೂ ಪಾಪದವರು ಹತ್ತು ಎಂದರೆ ರಾಯರ ಮುಖ ಅರಳುತ್ತದೆ. "ತಪ್ಪು! ಅಚ್ಚು ಟೈರಿನ ನಡುಮಧ್ಯ ಇರೋದಲ್ವೇ? ಅರ್ಧ ಮಾತ್ರ ಲೆಕ್ಕ. ಎಂಟು!" ಊರಿನ ಗಣಿತದ ಮೇಷ್ಟರೊಬ್ಬರು ಬಳಪ ಹಿಡಿದು ಹೀಗೇ ಅರಳುತ್ತಿದ್ದರು.

ಮಾತು ಸುಳ್ಳಲ್ಲ, ಅದೇ ತೊಂದರೆ. ರಾಯರು ಹೇಳುವುದೆಲ್ಲ ನಿಜ. ಹಿಚ್ಚು ಎತ್ತರವಾಗಿ ಟ್ರೇಲರಿನ ಮೂತಿ ಮೇಲೆದ್ದರೆ ಭಾರ ಹಿಂದಕ್ಕೆ ಜಾರುತ್ತದೆ, ಹೆದ್ದಾರಿಯಲ್ಲಿ ಬಾಲ ಅಲ್ಲಾಡಿಸಲು ಶುರುಮಾಡುತ್ತದೆ. ಮೂತಿ ತೀರಾ ಕೆಳಗಾದರೆ ಟ್ರಕ್ಕಿನ ಹಿಂಭಾಗ ಕುಸಿದು ಮುಂದಿನ ಚಕ್ರಗಳ ಹಿಡಿತ ತಪ್ಪುತ್ತದೆ, ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಒಟ್ಟು ಭಾರದ ನೂರಕ್ಕೆ 10ರಿಂದ 15ರಷ್ಟು ಮೂತಿಯ ಮೇಲೆ ಕೂತರೆ ಹದ. ನಮ್ಮ ಮಂಡ್ಯದ ಕಡೆ ಕಬ್ಬಿನ ಗಾಡಿ ಹೂಡುವವರು ಇದನ್ನು ಶೇಕಡಾದಲ್ಲಿ ಹೇಳುವುದಿಲ್ಲ. ಹಿಂಭಾರವಾದರೆ ಮೂಕಿ ಎದ್ದು ನೊಗದ ಹಗ್ಗ ಎತ್ತಿನ ಕೊರಳಿಗೆ ಬಿಗಿಯುತ್ತದೆ, ಮುಂಭಾರವಾದರೆ ಎತ್ತು ಹೆಜ್ಜೆ ಕೀಳುವುದಿಲ್ಲ. ಎರಡು ಜಲ್ಲೆ ಕಟ್ಟು ಆ ಕಡೆಯಿಂದ ಈ ಕಡೆಗೆ ಎಸೆದು ಹೊರಟುಬಿಡುತ್ತಾರೆ. ಇದನ್ನು ರಾಯರಿಗೆ ಹೇಳಿದೆ. "ಅವರ ಗಾಡಿ ಲಿಫ್ಟ್ ಮಾಡಿಸಿಲ್ಲವಲ್ಲ ಸಾರ್" ಎಂದರು.

ಅಳತೆಗೆ ಮಟ್ಟವಾದ ನೆಲ ಬೇಕು. ರಾಯರ ಮನೆಯ ಮುಂದಿನದು ಇಳಿಜಾರು. ರಸಮಟ್ಟ ಇಟ್ಟು ನೋಡಿ ಅತೃಪ್ತರಾಗಿ ಕೊನೆಗೆ ಫ್ರಿಸ್ಕೊದ ಹನುಮಂತನ ಗುಡಿಯ ಪಾರ್ಕಿಂಗಿಗೆ ಹೋದರು. ಶನಿವಾರ ಬೆಳಗ್ಗೆ. ಟ್ರಕ್ಕಿನ ಹಿಂದೆ ಮೊಣಕಾಲೂರಿ, ಟೇಪು ನೆಲಕ್ಕೆ ತಾಗಿಸಿ, ಅಂಕಿ ಕಾಣಲು ಹಣೆಯನ್ನೂ ನೆಲಕ್ಕೆ ಮುಟ್ಟಿಸಿದ ಅವರನ್ನು ಕಂಡು ಮುದುಕಿಯೊಬ್ಬರು, ಹೊಸ ಗಾಡಿ ಪೂಜೆಗೆ ಇಷ್ಟು ಭಕ್ತಿ ಎಲ್ಲಿ ಕಾಣುತ್ತದೆ ಎಂದು ಕೈಮುಗಿದು ಹೋದರಂತೆ. 28 ಇಂಚು ಬಂತು.

ಇನ್ನು ಟ್ರೇಲರಿನ ಕಡೆಯ ಅಳತೆ. ಅದಕ್ಕೆ ಟ್ರೇಲರ್ ಬೇಕಲ್ಲ. ಗುರುವಾರ ಬೀದಿಗೆ ಹುಲ್ಲು ಕತ್ತರಿಸಲು ಬರುವವರ ಟ್ರೇಲರನ್ನು ಬಿಚ್ಚಿಸಿ, ಜಾಕಿನ ಮೇಲೆ ಮಟ್ಟಸ ಮಾಡಿಸಿ ಅಳೆದರು: 18 ಇಂಚು. ಹುಲ್ಲಿನವರ ದಿನದ ಕೆಲಸ ಅರ್ಧ ಗಂಟೆ ತಡವಾಯಿತು, ರಾಯರು ಎಲ್ಲರಿಗೂ ಮಜ್ಜಿಗೆ ಕೊಟ್ಟರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದೇವೆ. ಪಕ್ಕದ ಮನೆ ಕೂಸಿನ ತಲೆ ಅಳೆದು ಹೊಲಿಸಿದವರು ಇವರೊಬ್ಬರೇ.

28ರಲ್ಲಿ 18 ಹೋದರೆ 10. ಭಾರ ಬಿದ್ದಾಗ ಟ್ರಕ್ಕು ಒಂದಿಷ್ಟು ಕೂರುತ್ತದೆ, ಅದಕ್ಕೆಷ್ಟು ಬಿಡಬೇಕು ಎಂಬುದರ ಮೇಲೆ ಒಂದು ವಾರ ಹೋಯಿತು. ಡ್ರಾಪು ಉದ್ದವಾದಷ್ಟೂ ರಿಸೀವರಿನ ಮೇಲೆ ಜಗ್ಗುವ ಬಲ ಹೆಚ್ಚು. ಟ್ರಕ್ಕು, ರಿಸೀವರು, ಅದರೊಳಗೆ ತೂರುವ ಬಾಲ್ ಮೌಂಟು, ಅದರ ಮೇಲೆ ಕಪ್ಲರ್ ಕೂರುವ ಗುಂಡು, ಈ ನಾಲ್ಕರಲ್ಲಿ ಯಾವುದರ ತಾಕತ್ತು ಕಡಿಮೆಯೋ ಅದೇ ಲೆಕ್ಕ ಎಂದು ಸ್ಪ್ರೆಡ್‌ಶೀಟ್ ಮಾಡಿದರು. ಕೊನೆಗೆ 10 ಇಂಚಿನ ಉಕ್ಕಿನ ಬಾಲ್ ಮೌಂಟ್ ಮನೆಗೆ ಬಂತು. ಮಗಳ ಮದುವೆ ನಿಶ್ಚಯವಾದಷ್ಟು ಹಗುರಾದರು.

ನವೆಂಬರಿನಲ್ಲಿ ರಾಜ್ಯೋತ್ಸವ. ವೇದಿಕೆಗೆಂದು ಕನ್ನಡ ಸಂಘದ ಹುಡುಗರು ಪ್ಲೈವುಡ್ಡಿನಲ್ಲಿ ಹಂಪಿಯ ಕಲ್ಲಿನ ರಥ ಮಾಡಿದ್ದರು. ಅದನ್ನು ಸಾಗಿಸಲು ಬಾಡಿಗೆ ಟ್ರೇಲರ್ ತರಬೇಕು. ಎಲ್ಲರ ಕಣ್ಣೂ ರಾಯರ ಮೇಲೆ ಬಿತ್ತು. ಸಾರಥಿಯ ಹಾಗೆ ಹೊರಟರು, ನಾನೂ ಮಣೆ ಇಟ್ಟುಕೊಂಡು ಹತ್ತಿದೆ.

ಬಾಡಿಗೆಯ ಅಂಗಡಿಯಲ್ಲಿ ಇಪ್ಪತ್ತರ ಹುಡುಗಿ. ರಾಯರು ಹಿಮ್ಮುಖವಾಗಿ ತಂದು ನಿಲ್ಲಿಸಿದರು. ಎತ್ತರ ನೋಡಬೇಕಿತ್ತು! ಕಪ್ಲರಿಗೂ ಬಾಲ್ ಮೌಂಟಿಗೂ ಕೂದಲೆಳೆಯ ವ್ಯತ್ಯಾಸವಿಲ್ಲ. ಹುಡುಗಿ ಟ್ರೇಲರನ್ನು ಮೇಲೆತ್ತಿ ಇಳಿಸಿದಳು. ಕೂರಲಿಲ್ಲ. ಮತ್ತೆ ಇಳಿಸಿದಳು. ಬಗ್ಗಿ ಗುಂಡಿನ ನೆತ್ತಿಯಲ್ಲಿ ಕೆತ್ತಿದ್ದನ್ನು ಓದಿದಳು. "ಸರ್, ಇದು 2 5/16. ನಮ್ಮದಕ್ಕೆ 2 ಇಂಚಿನ ಗುಂಡು ಬೇಕು."

ಮುಂದೆಂದಾದರೂ ದೊಡ್ಡ ಕ್ಯಾಂಪರ್ ಕೊಂಡರೆ ಇರಲಿ ಎಂದು ರಾಯರು ಗುಂಡು ದೊಡ್ಡದನ್ನೇ ತಂದಿದ್ದರು. ಸದ್ಯ, ಉಲ್ಟಾ ಆಗಲಿಲ್ಲ. ಚಿಕ್ಕ ಗುಂಡಿನ ಮೇಲೆ ದೊಡ್ಡ ಕಪ್ಲರ್ ಕೂತಂತೆ ಕಂಡು ದಾರಿಯಲ್ಲಿ ಎದ್ದು ಹೋಗುತ್ತದೆ. ಬಿಚ್ಚಿ ಬದಲಿಸೋಣವೆಂದರೆ ಟಾರ್ಕ್ ರೆಂಚ್ ಹಾಕಿ ರಾಯರೇ ಬಿಗಿದ ನಟ್ಟು. ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಹಂಪಿಯದರಂತೆ ನಮ್ಮ ರಥವೂ ಇದ್ದಲ್ಲೇ ಇತ್ತು. ಸಂಜೆ ಅದರ ಚಕ್ರಗಳು ಒಂದು ಒಡಿಸ್ಸಿಯಲ್ಲಿ, ಗೋಪುರ ಇನ್ನೊಂದರಲ್ಲಿ, ಆನೆಗಳು ಒಂದು ಸಿಯೆನ್ನಾದಲ್ಲಿ ಸಭಾಂಗಣ ಸೇರಿದವು. ರಾಯರ ಟ್ರಕ್ಕಿನಲ್ಲಿ ಬಾಳೆಕಂದು ಬಂತು.

ನಾಲ್ಕು ದಿನ ಅವರು ಯಾರ ಮನೆಗೂ ಬರಲಿಲ್ಲ. ಐದನೆಯ ದಿನ ಮೂರು ಅಳತೆಯ ಮೂರು ಗುಂಡುಗಳಿರುವ, ಬೇಕಾದ್ದನ್ನು ಮೇಲಕ್ಕೆ ತಿರುಗಿಸಿಕೊಳ್ಳುವ ಹೊಸದೊಂದು ಬಾಲ್ ಮೌಂಟ್ ಬಂತು. ತ್ರಿಮೂರ್ತಿ ಎಂದು ನಾವು ಕರೆಯುತ್ತೇವೆ. ಡ್ರಾಪು ಅದೇ 10. ಎಳೆಯದಿದ್ದಾಗ ಅದನ್ನು ಕಳಚಿ ಒಳಗಿಡಬೇಕು ಎಂದು ತಿಳಿದವರು ಹೇಳುತ್ತಾರೆ. ರಾಯರು ಕಳಚುವುದಿಲ್ಲ.

ಮೊನ್ನೆ ರಾತ್ರಿ ಅವರ ಮನೆಯ ಊಟ ಮುಗಿಸಿ, ಉಳಿದ ಪುಳಿಯೋಗರೆಯ ಡಬ್ಬಿ ಹಿಡಿದು ಕತ್ತಲಲ್ಲಿ ಟ್ರಕ್ಕಿನ ಹಿಂದಿನಿಂದ ಹಾಯ್ದೆ. ಮೊಣಕಾಲಿನ ಕೆಳಗೆ ಮೂಳೆಗೇ ಬಡಿಯಿತು. ಕಣ್ಣಲ್ಲಿ ನಕ್ಷತ್ರ. ಡಬ್ಬಿ ಎಲ್ಲಿ ಬಿತ್ತೋ. ರಾಯರ ಮನೆಯಾಕೆ "ಅಯ್ಯೋ, ಐಸ್ ತರ್ತೀನಿ ಇರಿ" ಎಂದು ಒಳಗೆ ಓಡಿದರು. ರಾಯರು ಟಾರ್ಚು, ಟೇಪು ಎರಡನ್ನೂ ಹಿಡಿದು ಬಂದರು.

"ಕಾಲು ಮಡಿಚಬೇಡಿ ಸ್ವಾಮಿ, ನೆಟ್ಟಗೆ ನಿಂತ್ಕೊಳಿ. ಚಪ್ಪಲಿ ಬಿಡಿ."

ಪ್ಯಾಂಟು ಮಡಿಸಿ, ಕೆಂಪಾದ ಜಾಗಕ್ಕೆ ಬೆರಳಿಟ್ಟು, ನೆಲದಿಂದ ಟೇಪು ಎಳೆದು, ಟಾರ್ಚಿನ ಬೆಳಕಲ್ಲಿ ಕಣ್ಣು ಕಿರಿದಾಗಿಸಿ ನೋಡಿದರು.

"ಹದಿನೆಂಟೂವರೆ" ಎಂದರು. ಒಂದು ಕ್ಷಣ ಹುಬ್ಬು ಗಂಟಿಕ್ಕಿತು, ಮತ್ತೆ ಸಡಿಲವಾಯಿತು. "ಗಾಡಿ ಖಾಲಿ ಇದೆಯಲ್ಲ. ಭಾರ ಬಿದ್ದರೆ ಸರಿಹೋಗುತ್ತೆ."