ಅಧ್ಯಾಯವೀರ

ಬೈಬಲ್ಲಿನಲ್ಲಿ ಎಲ್ಲೆಲ್ಲಿ ಒಂದು ಮಾತಿಗೆ ಇನ್ನೊಂದು ತಾಳೆಯಾಗುವುದಿಲ್ಲ ಎಂಬುದನ್ನು ಅಧ್ಯಾಯ, ವಾಕ್ಯದ ಸಂಖ್ಯೆ ಸಮೇತ ಬಾಯಿಪಾಠ ಮಾಡಿಕೊಂಡು, ಕೇಳಿದವರಿಗೂ ಕೇಳದವರಿಗೂ ಒಪ್ಪಿಸುವವನೇ ಅಧ್ಯಾಯವೀರ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಯ ಸೀಮೆಯಲ್ಲಿ ಇವನಿಗೆ ಬರವಿಲ್ಲ. ವಯಸ್ಸು ನಲವತ್ತೈದರ ಮೇಲೆ. ನಿವೃತ್ತ ಮೇಷ್ಟ್ರು, ನೀರಾವರಿ ಇಲಾಖೆಯ ಗುಮಾಸ್ತ, ವಿಮೆ ಏಜೆಂಟ್, ಇಲ್ಲವೇ ಗಣಿಯ ವೇಬ್ರಿಡ್ಜಿನಲ್ಲಿ ತೂಕದ ಚೀಟಿ ಬರೆದವನು. ಒಟ್ಟಿನಲ್ಲಿ ಎರಡು ಲೆಕ್ಕ ಅಕ್ಕಪಕ್ಕ ಇಟ್ಟು ತಾಳೆ ನೋಡುವ ಕೆಲಸದಲ್ಲಿ ಕೂದಲು ಹಣ್ಣು ಮಾಡಿಕೊಂಡವನು. ಹೆಂಗಸರಲ್ಲಿ ಈ ಲಕ್ಷಣ ಅಪರೂಪ. ಸಂಜೆ ಆರರಿಂದ ಎಂಟರವರೆಗೆ ಅವರಿಗೆ ಪುರುಸೊತ್ತಿಲ್ಲ ಎಂಬುದೊಂದೇ ಕಾರಣವಿರಬೇಕು.

ಇವನು ಸಿಗುವುದು ಮಿರ್ಚಿ ಅಂಗಡಿಯಲ್ಲಿ. ಒಗ್ಗರಣೆ ಮಂಡಕ್ಕಿಯ ತಟ್ಟೆ ಮುಂದೆ ಬಂದು ಕೂತ ಮೇಲೇ ತರ್ಕಶಕ್ತಿ ಏಳುವುದು. ಜೇಬಿನಲ್ಲಿ ಅಂಗೈಯಗಲದ ಹೊಸ ಒಡಂಬಡಿಕೆ, ಎಂದೋ ಯಾರೋ ಪುಕ್ಕಟೆ ಕೊಟ್ಟದ್ದು. ಅದರಲ್ಲಿ ಪರ್ವತ ಪ್ರಸಂಗದ ಹಾಳೆಗಳು ಅಚ್ಚಿನಮನೆಯಿಂದ ಬಂದಷ್ಟೇ ಹೊಸದಾಗಿರುತ್ತವೆ. ಮತ್ತಾಯ 27ನೇ ಅಧ್ಯಾಯ ಮಾತ್ರ ಮಿರ್ಚಿ ಎಣ್ಣೆ ಕುಡಿದು ಕುಡಿದು, ಹಾಳೆಯ ಈ ಮಗ್ಗುಲಿನಿಂದಲೇ ಆ ಮಗ್ಗುಲಿನ ಅಕ್ಷರ ಓದಬಹುದು. ಹಳೆ ಒಡಂಬಡಿಕೆ ದಪ್ಪ ಪುಸ್ತಕ, ದುಡ್ಡು ಕೊಟ್ಟು ಕೊಳ್ಳಬೇಕು. ಹಾಗಾಗಿ ಅದರ ಪಾಂಡಿತ್ಯವೆಲ್ಲ ಮೊಬೈಲಿನಿಂದ ಬಂದದ್ದು.

ಒಬ್ಬನೇ ಕೂತರೆ ಅಧ್ಯಾಯವೀರನದು ಬರೀ ಗೊಣಗಾಟ. ವಾದವಾಗಬೇಕಾದರೆ ಪ್ರತಿವೀರ ಬೇಕು. ಊರಂಚಿನ ಸಣ್ಣ ಪ್ರಾರ್ಥನಾ ಮಂದಿರದ ಸುವಾರ್ತಿಕನೋ, ಭಾನುವಾರ ಕೀಬೋರ್ಡು ಬಾರಿಸಿ ವಾರದ ದಿನ ಆಟೋ ಓಡಿಸುವ ಹುಡುಗನೋ ಆ ಸ್ಥಾನ ತುಂಬುತ್ತಾನೆ. ಇವನು ಅವನನ್ನು ‘ಪಾಸ್ಟರೇ’ ಎನ್ನುತ್ತಾನೆ, ಅವನು ಪಾಸ್ಟರ್ ಅಲ್ಲವೆಂದು ಗೊತ್ತಿದ್ದೂ. ಅವನು ಇವನನ್ನು ‘ಬ್ರದರ್’ ಎನ್ನುತ್ತಾನೆ, ಅದು ಇವನಿಗೆ ಇಷ್ಟವಿಲ್ಲವೆಂದು ಗೊತ್ತಿದ್ದೂ. ಕಥೋಲಿಕ ಗುರುಗಳು ಈ ಬಲೆಗೆ ಬೀಳುವುದು ಕಡಿಮೆ. “ಭಾನುವಾರ ಪೂಜೆ ಮುಗಿದ ಮ್ಯಾಲೆ ಬರ್ರೀ ಸರ, ಕೂತು ಮಾತಾಡೋಣು” ಎಂದುಬಿಡುತ್ತಾರೆ. ಭಾನುವಾರ ಬೆಳಿಗ್ಗೆ ಅಧ್ಯಾಯವೀರ ಮಲಗಿರುತ್ತಾನೆ.

ಬಾಣಗಳಿಗೊಂದು ಕ್ರಮವಿದೆ. ಮೊದಲನೆಯದು ಯಾವಾಗಲೂ ಇಸ್ಕರಿಯೋತ ಯೂದನ ಸಾವು. ಮತ್ತಾಯನ ಪ್ರಕಾರ ಅವನು ಬೆಳ್ಳಿ ನಾಣ್ಯ ದೇವಾಲಯದಲ್ಲಿ ಎಸೆದು ಹೋಗಿ ಉರುಲು ಹಾಕಿಕೊಂಡ. ಆ ಹಣದಿಂದ ಹೊಲ ಕೊಂಡವರು ಯಾಜಕರು. ಅಪೊಸ್ತಲರ ಕೃತ್ಯಗಳ ಮೊದಲ ಅಧ್ಯಾಯದಲ್ಲಿ ಹೊಲ ಕೊಂಡವನು ಯೂದನೇ. ಸತ್ತದ್ದು ತಲೆಕೆಳಗಾಗಿ ಬಿದ್ದು, ಹೊಟ್ಟೆ ಬಿರಿದು. ಪ್ರತಿವೀರನ ಉತ್ತರ ಸಿದ್ಧವಿರುತ್ತದೆ: ಉರುಲು ಹಾಕಿಕೊಂಡ, ಹಗ್ಗ ಹರಿಯಿತು, ಬಿದ್ದ. ಹಗ್ಗ ಹರಿದ ಸಂಗತಿ ಎರಡೂ ಕಡೆ ಇಲ್ಲ. ಎರಡನೆಯ ಬಾಣ, ಸಮಾಧಿಗೆ ಹೋದ ಹೆಂಗಸರು ಎಷ್ಟು ಮಂದಿ ಎಂಬುದು. ಯೋಹಾನ ಹೆಸರಿಸುವುದು ಒಬ್ಬಳನ್ನು, ಮತ್ತಾಯ ಇಬ್ಬರನ್ನು, ಮಾರ್ಕ ಮೂವರನ್ನು. ಮೂರನೆಯದು ದಾವೀದನ ಜನಗಣತಿ. ಎರಡನೆಯ ಸಮುವೇಲದಲ್ಲಿ ಇಸ್ರಾಯೇಲಿನವರು 8 ಲಕ್ಷ, ಯೆಹೂದದವರು 5 ಲಕ್ಷ. ಪೂರ್ವಕಾಲವೃತ್ತಾಂತದಲ್ಲಿ 11 ಲಕ್ಷ ಮತ್ತು 4 ಲಕ್ಷ 70 ಸಾವಿರ. ಸಾಲದ್ದಕ್ಕೆ, ಗಣತಿ ಮಾಡು ಎಂದು ಪ್ರೇರಿಸಿದವನು ಒಂದರಲ್ಲಿ ದೇವರು, ಇನ್ನೊಂದರಲ್ಲಿ ಸೈತಾನ. ಪಂಚಾಯಿತಿ ಚುನಾವಣೆಯ ಮತದಾರರ ಪಟ್ಟಿ ಕಂಡವರು ಅಂಕಿಯ ವ್ಯತ್ಯಾಸಕ್ಕೆ ಹುಬ್ಬೇರಿಸುವುದಿಲ್ಲ; ಮೇಲಧಿಕಾರಿ ಯಾರೆಂಬ ಗೊಂದಲಕ್ಕೆ ಮಾತ್ರ ಸ್ವಲ್ಪ ಕಿವಿಗೊಡುತ್ತಾರೆ.

ಬ್ರಹ್ಮಾಸ್ತ್ರವೆಂದರೆ ಯೆಹೂದದ ಅರಸ ಅಹಜ್ಯ. ಇವನಪ್ಪ ಯೆಹೋರಾಮ 32ನೇ ವಯಸ್ಸಿಗೆ ಪಟ್ಟಕ್ಕೆ ಬಂದು 8 ವರ್ಷ ಆಳಿ ಸತ್ತ. ಅವನ ಹಿಂದೆ ಪಟ್ಟವೇರಿದ ಕಿರಿಮಗ ಅಹಜ್ಯನ ವಯಸ್ಸು ಎರಡನೆಯ ಪೂರ್ವಕಾಲವೃತ್ತಾಂತದ ಹೀಬ್ರೂ ಮೂಲದಲ್ಲಿ 42. ಮಗ ಅಪ್ಪನಿಗಿಂತ ಎರಡು ವರ್ಷ ಹಿರಿಯ. ಇಷ್ಟು ಹೇಳಿ ಅಧ್ಯಾಯವೀರ ಸುತ್ತ ಒಮ್ಮೆ ನೋಡುತ್ತಾನೆ. ಅವನು ನಿರೀಕ್ಷಿಸಿದ ಆಘಾತ ಯಾರ ಮುಖದಲ್ಲೂ ಕಾಣುವುದಿಲ್ಲ. ಮೇಷ್ಟ್ರು ಬರೆದದ್ದೇ ಹುಟ್ಟಿದ ದಿನವಾಗಿ, ಅರ್ಧ ತಾಲ್ಲೂಕು ಜೂನ್ 1ರಂದೇ ಜನಿಸಿ, ಶಾಲೆ ದಾಖಲೆಯಲ್ಲಿ ತಮ್ಮ ಅಣ್ಣನಿಗಿಂತ ಹಿರಿಯನಾಗಿರುವ ಸೀಮೆ ಇದು. ವಿದ್ವಾಂಸರು ಇದನ್ನು ನಕಲು ಮಾಡಿದವನ ಕೈತಪ್ಪು ಎನ್ನುತ್ತಾರೆ. ಅರಸುಗಳ ಎರಡನೆಯ ಭಾಗದಲ್ಲಿಯೂ, ಕೆಲವು ಹಳೆಯ ಗ್ರೀಕ್, ಸಿರಿಯಾಕ್ ಪಾಠಗಳಲ್ಲಿಯೂ 22 ಎಂದೇ ಇದೆ. ಪ್ರತಿವೀರನಿಗೆ ಅಷ್ಟು ಸಾಲದು. ಅವನು ನೆಚ್ಚುವುದು 1978ರಲ್ಲಿ ಷಿಕಾಗೋದಲ್ಲಿ ಇನ್ನೂರಕ್ಕೂ ಹೆಚ್ಚು ಸುವಾರ್ತಾವಾದಿ ಮುಖಂಡರು ಕೂಡಿ ಹೊರಡಿಸಿದ ಹೇಳಿಕೆಯನ್ನು. ಬೈಬಲ್ಲಿನಲ್ಲಿ ತಪ್ಪಿಲ್ಲ ಎಂಬ ಮಾತು ಕಟ್ಟುನಿಟ್ಟಾಗಿ ಮೂಲ ಹಸ್ತಪ್ರತಿಗೆ ಸಲ್ಲುತ್ತದೆಂದು ಅದು ಹೇಳುತ್ತದೆ. ಆ ಮೂಲ ಪ್ರತಿಗಳಲ್ಲಿ ಒಂದೂ ಉಳಿದಿಲ್ಲ. ಇದಕ್ಕಿಂತ ಭದ್ರವಾದ ಕೋಟೆ ವಿಜಯನಗರದವರಿಗೂ ಕಟ್ಟಲಾಗಲಿಲ್ಲ.

ವಾದ ಪ್ರಯೋಗಕ್ಕಿಳಿಯುವುದು ಸೊಲೊಮೋನನ ಎರಕದ ಕಡಲಿನಲ್ಲಿ ಮಾತ್ರ. ಆ ದುಂಡನೆಯ ಕಂಚಿನ ತೊಟ್ಟಿ ಅಂಚಿನಿಂದ ಅಂಚಿಗೆ 10 ಮೊಳ, ಸುತ್ತಳತೆ 30 ಮೊಳ ಎಂದು ಅರಸುಗಳ ಮೊದಲ ಭಾಗ ಹೇಳುತ್ತದೆ. ಏಳನೇ ತರಗತಿ ಲೆಕ್ಕದ ಪ್ರಕಾರ ಸುತ್ತಳತೆ 31 ಮೊಳ ದಾಟಬೇಕು. ಅಧ್ಯಾಯವೀರ ಮಿರ್ಚಿಯನ್ನು ಪಕ್ಕದವನ ತಟ್ಟೆಗೆ ಸರಿಸಿ, ತನ್ನ ಸ್ಟೀಲ್ ತಟ್ಟೆಯನ್ನು ಪೇಪರಿನಲ್ಲಿ ಒರೆಸಿ, ಎದುರಿನ ಹೂವಿನಾಕೆಯ ಹತ್ತಿರ ಒಂದು ದಾರ ಇಸಕೊಳ್ಳುತ್ತಾನೆ. ದಾರ ಅಡ್ಡಕ್ಕೆ ಹಿಡಿದು ಗಂಟು ಹಾಕಿ, ಅದೇ ಗಂಟಿನ ಅಳತೆಯಿಂದ ಅಂಚು ಸುತ್ತಿದರೆ ಮೂರು ಅಳತೆ ಮುಗಿದ ಮೇಲೆ ಹೆಬ್ಬೆರಳಗಲ ತಟ್ಟೆ ಉಳಿಯುತ್ತದೆ. ಪ್ರತಿವೀರ ಮೂರು ವಾಕ್ಯ ಮುಂದೆ ಬೆರಳಿಡುತ್ತಾನೆ: ತೊಟ್ಟಿಯ ದಪ್ಪ ಒಂದು ಅಂಗೈ. ಹೊರಗಿನ ಅಂಚಿನಿಂದ ಅಡ್ಡಳತೆ ತೆಗೆದು, ಒಳಗಿನಿಂದ ಸುತ್ತಳತೆ ತೆಗೆದರೆ ಲೆಕ್ಕ ಮೂವತ್ತರ ಹತ್ತಿರಕ್ಕೆ ಬರುತ್ತದೆ, ಅದು ನಿಜ. ಒಂದೇ ತೊಟ್ಟಿಯನ್ನು ಒಮ್ಮೆ ಹೊರಗಿನಿಂದ, ಒಮ್ಮೆ ಒಳಗಿನಿಂದ ಯಾಕೆ ಅಳೆದರು ಎಂಬುದು ಮುಂದಿನ ಅರ್ಧ ತಾಸಿನ ವಿಷಯ. ಹೂವಿನಾಕೆಗೆ ದಾರ ವಾಪಸು ಬೇಕು. “ಮೊಳಾ ಮೊಳಾ ಅಂತೀರಲ್ಲ, ಯಾರ ಮೊಳಾನಪ್ಪಾ ಅದು?” ಎಂದು ಕೇಳುತ್ತಾಳೆ. ದಿನವೂ ಮೊಳ ಹಾಕಿ ಮಲ್ಲಿಗೆ ಮಾರಿ, ದಿನವೂ ಗಿರಾಕಿಯೊಂದಿಗೆ ಅದೇ ಜಗಳ ಆಡುವವಳ ಪ್ರಶ್ನೆ ಅದು. ಇಬ್ಬರಲ್ಲಿ ಯಾರೂ ಉತ್ತರ ಕೊಟ್ಟದ್ದಿಲ್ಲ.

ಈ ಸೀಮೆಗೆ ವಾದ ಹೊಸದಲ್ಲ. ವಿಜಯನಗರದ ಮೊದಲ ಅರಸರ ಆಶ್ರಯದಲ್ಲಿ, 14ನೇ ಶತಮಾನದಲ್ಲಿ, ವೇದಗಳಿಗೆ ಭಾಷ್ಯ ಬರೆದ ಸಾಯಣಾಚಾರ್ಯ ಋಗ್ವೇದ ಭಾಷ್ಯದ ಭೂಮಿಕೆಯಲ್ಲಿ ಅಧ್ಯಾಯವೀರನ ಪೂರ್ವಜನನ್ನೇ ಎದುರಿಗೆ ಕೂರಿಸಿಕೊಂಡಿದ್ದಾನೆ. ರುದ್ರನೊಬ್ಬನೇ, ಎರಡನೆಯವನಿಲ್ಲ ಎಂದು ಒಂದು ಮಂತ್ರ. ಭೂಮಿಯ ಮೇಲೆ ಸಾವಿರಾರು ರುದ್ರರು ಎಂದು ಇನ್ನೊಂದು. ಹಾಗಾದರೆ ವೇದ ಪ್ರಮಾಣ ಹೇಗೆ ಎಂಬುದು ಆಕ್ಷೇಪ. ಸಾಯಣನ ಕಾಲಕ್ಕೇ ಅದು ಹಳಸಿದ ಪ್ರಶ್ನೆ. ಯಾಸ್ಕನ ನಿರುಕ್ತದಲ್ಲಿ ಕೌತ್ಸನ ಹೆಸರಿನಲ್ಲಿ ದಾಖಲಾದದ್ದು. ಒಬ್ಬನೇ ರುದ್ರ ತನ್ನ ಮಹಿಮೆಯಿಂದ ಸಾವಿರ ರೂಪ ತಾಳುತ್ತಾನೆ, ವಿರೋಧವೇನೂ ಇಲ್ಲ ಎಂಬುದು ಸಮಾಧಾನ. ಹರಿದ ಹಗ್ಗಕ್ಕಿಂತ ಇದು ಎಷ್ಟೋ ಘನವಾದ ಉತ್ತರ. ಆದರೂ ಒಂದೇ ಮನೆತನದ್ದು. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಹೆಸರೇ ಅವಿರೋಧ.

ಬೈಬಲ್ ಈ ಸೀಮೆಗೆ ಬಂದದ್ದು ಬಳ್ಳಾರಿಯಿಂದ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು, ಕನ್ನಡ ಕಲಿತು, ಸುಮಾರು ಎರಡು ದಶಕ ಕೂತು ತರ್ಜುಮೆ ಮಾಡಿದ. ಕನ್ನಡದ ಮೊದಲ ಸಂಪೂರ್ಣ ಬೈಬಲ್ ಹೊರಬಂದದ್ದು 1830ರ ದಶಕದ ಆರಂಭದಲ್ಲಿ. ಅವನ ಜೊತೆಗಾರ ವಿಲಿಯಂ ರೀವ್ ಕನ್ನಡ ನಿಘಂಟು ಮಾಡಿದ. ಬಳ್ಳಾರಿಯ ಮಿಷನರಿಗಳು ಹಂಪಿ ಜಾತ್ರೆಗೆ ಬಂದು ತೇರಿನ ಬೀದಿಯಲ್ಲಿ ಕರಪತ್ರ ಹಂಚಿ, ಜನರೊಂದಿಗೆ ವಾದಕ್ಕೆ ನಿಲ್ಲುತ್ತಿದ್ದರು. ಆಗ ಪುರಾಣಗಳಲ್ಲಿ ವಿರೋಧ ಹುಡುಕುವ ಕೆಲಸ ಅವರದು, ಹೊಂದಿಸುವ ಕೆಲಸ ಊರವರದು. ಈಗ ಪಾಳಿ ಬದಲಾಗಿದೆ. ದೇಶದಲ್ಲಿ ಪಾಳಿ ಬದಲಾದದ್ದಕ್ಕೆ ದೊಡ್ಡ ಗುರುತು 1854ರ ಏಪ್ರಿಲ್‌ನಲ್ಲಿ ಆಗ್ರಾದಲ್ಲಿ ನಡೆದ ವಾದ. ಮೌಲಾನಾ ರಹಮತುಲ್ಲಾ ಕೈರಾನವಿ ಮತ್ತು ವೈದ್ಯ ವಜೀರ್ ಖಾನ್, ಯುರೋಪಿನ ವಿಮರ್ಶಕರ ಪುಸ್ತಕಗಳನ್ನೇ ತಂದು ಪಾದ್ರಿ ಫ್ಯಾಂಡರನ ಮುಂದಿಟ್ಟರು. ಪಾಠಾಂತರಗಳಿರುವುದನ್ನು ಫ್ಯಾಂಡರ್ ಒಪ್ಪಿದ, ಬೋಧನೆಗೆ ಅದರಿಂದ ಊನವಿಲ್ಲ ಎಂದ. ಎರಡು ದಿನಕ್ಕೆ ವಾದ ನಿಂತಿತು. ಹೊಸಪೇಟೆಯ ಅಧ್ಯಾಯವೀರ ಇಂದು ತನ್ನ ಸ್ವಂತ ಶೋಧವೆಂದು ಒಪ್ಪಿಸುವುದರಲ್ಲಿ ಬಹುಪಾಲು ಹೀಗೆ ಯುರೋಪಿನಿಂದ ಬಂದ ಸರಕು.

ಅಧ್ಯಾಯವೀರನೂ ಪ್ರತಿವೀರನೂ ಕೂಡಿಯೇ ಬಿಟ್ಟುಬಿಡುವ ಸಂಗತಿಯೊಂದಿದೆ. ನಾಲ್ಕು ಸುವಾರ್ತೆಗಳು ಒಂದಕ್ಕೊಂದು ಪೂರ್ತಿ ಕೂಡುವುದಿಲ್ಲವೆಂಬುದು ಹಳಬರಿಗೆ ಗೊತ್ತಿತ್ತು. ಕ್ರಿ.ಶ. 170ರ ಸುಮಾರಿಗೆ ತಾತಿಯಾನ ಎಂಬವನು ನಾಲ್ಕನ್ನೂ ಹೆಣೆದು ಒಂದೇ ಕಥೆ ಮಾಡಿಕೊಟ್ಟ. ಸಿರಿಯಾದ ಚರ್ಚುಗಳಲ್ಲಿ ಅದು ಬಹುಕಾಲ ಓದಿಗೆ ಬಳಕೆಯಾಯಿತು. ಆಮೇಲೆ ಅದನ್ನು ಬಿಟ್ಟು, ಜಗಳವಾಡುವ ನಾಲ್ಕನ್ನೇ ಇಟ್ಟುಕೊಂಡರು. ತಾಳೆಯಾದ ಪುಸ್ತಕ ಕೈಯಲ್ಲಿದ್ದೂ ತಾಳೆಯಾಗದ್ದನ್ನು ಆರಿಸಿಕೊಂಡವರು ಪುಸ್ತಕವನ್ನು ಪಹಣಿಯಂತೆ ಓದುತ್ತಿರಲಿಲ್ಲ ಎಂಬುದು ಸ್ಪಷ್ಟ. ಇದನ್ನು ಒಪ್ಪಿದರೆ ಇಬ್ಬರಿಗೂ ಸಂಜೆ ಕೆಲಸವಿರುವುದಿಲ್ಲ.

ಅಧ್ಯಾಯವೀರನ ಇನ್ನೊಂದು ಅವತಾರ ಕಾಣಬೇಕಾದರೆ ಮಾತನ್ನು ನದಿಯಾಚೆ ಆನೆಗೊಂದಿಗೆ ತಿರುಗಿಸಬೇಕು. ಹನುಮಂತ ಹುಟ್ಟಿದ್ದು ಅಲ್ಲಿಯ ಅಂಜನಾದ್ರಿಯಲ್ಲಿ. ಇದರಲ್ಲಿ ಅವನಿಗೆ ಸಂಶಯವಿಲ್ಲ. 2021ರ ರಾಮನವಮಿಯಂದು ತಿರುಮಲ ದೇವಸ್ಥಾನದವರು ತಮ್ಮ ಬೆಟ್ಟವೇ ಆ ಅಂಜನಾದ್ರಿ ಎಂದು ಘೋಷಿಸಿದರು. ನಾಸಿಕದ ಅಂಜನೇರಿಯವರು ತಮ್ಮದೆನ್ನುತ್ತಾರೆ, ಗೋಕರ್ಣದ ಹೆಸರೂ ಬಂತು. ಮೇ ತಿಂಗಳಲ್ಲಿ ತಿರುಪತಿಯಲ್ಲಿ ಕಿಷ್ಕಿಂಧೆಯ ಪಕ್ಷದವರೊಂದಿಗೆ ನಡೆದ ಚರ್ಚೆ ತೀರ್ಮಾನವಿಲ್ಲದೆ ಮುಗಿಯಿತು. ಮರುವರ್ಷ ನಾಸಿಕದ ಧರ್ಮಸಭೆಯಲ್ಲಿ ಮಾತು ಮೈಕನ್ನೇ ಎತ್ತಿ ಹೊಡೆಯಹೋಗುವ ಮಟ್ಟಕ್ಕೆ ಮುಟ್ಟಿತು. ಈ ಪ್ರಶ್ನೆ ಎತ್ತಿದರೆ, ಒಂದು ಗಂಟೆ ಮುಂಚೆ ಮೂವರು ಹೆಂಗಸರ ಲೆಕ್ಕ ಕೇಳುತ್ತಿದ್ದವನು ಕಣ್ಣು ಅರ್ಧ ಮುಚ್ಚಿ “ಕಲ್ಪಭೇದ” ಎನ್ನುತ್ತಾನೆ. ಒಂದು ಕಲ್ಪದಲ್ಲಿ ಇಲ್ಲಿ, ಇನ್ನೊಂದು ಕಲ್ಪದಲ್ಲಿ ಅಲ್ಲಿ. ಪ್ರತಿವೀರನ ಮುಖ ಅರಳುತ್ತದೆ. ಈಗ ಅವನು ಅಧ್ಯಾಯವೀರ: “ವಾಲ್ಮೀಕಿ ಯಾವ ಸರ್ಗದಾಗ ಬರದಾನ, ತೋರಸ್ರೀ ಬ್ರದರ್.”

ಹಂಪಿಯ ಬಳಗದಲ್ಲಿ ಈ ಔದಾರ್ಯ ಇನ್ನೂ ಹೆಚ್ಚು. ಬಂಡೆಯ ಮೇಲಿನ ಗೀಟು ಸೀತೆಯ ಸೆರಗು ಉಜ್ಜಿದ ಗುರುತು. ನಿಂಬಾಪುರದ ಬೂದಿದಿಬ್ಬ ವಾಲಿಯ ಚಿತೆ. ಇಂಥ ದಿಬ್ಬಗಳು ನವಶಿಲಾಯುಗದ ದನಗಾಹಿಗಳು ಸೆಗಣಿ ಸುಟ್ಟು ಬಿಟ್ಟದ್ದೆಂದು ಪುರಾತತ್ವದವರು ಹೇಳಿ ಬಹಳ ಕಾಲವಾಯಿತು. ಪೋರ್ಚುಗೀಸ್ ನೂನಿಜ್ ವಿಜಯನಗರ ರಾಜ್ಯ ಹುಟ್ಟಿದ ಕಥೆಯನ್ನು 1230ರಿಂದ ಶುರುಮಾಡುತ್ತಾನೆ. ಹಂಪಿಯ ಫಲಕದ ಮೇಲೆ 1336 ಇದೆ. ನೂರು ವರ್ಷದ ಈ ವ್ಯತ್ಯಾಸಕ್ಕೆ ನೂನಿಜ್‌ನನ್ನು ಯಾರೂ ಕೆಳಗಿಳಿಸಿಲ್ಲ. ಅದೇ ಹುಟ್ಟಿನ ಕಥೆಯಲ್ಲಿ ಮೊಲ ನಾಯಿಯನ್ನು ಅಟ್ಟಿಸಿಕೊಂಡು ಹೋದ ಸಂಗತಿಗೆ ಸಾಕ್ಷಿ ಕೇಳುವ ಪದ್ಧತಿಯೂ ಇಲ್ಲ.

ಸಂಡೂರಿನವನು ಒರಟ. ಎರಡು ಕಡೆ ಎರಡು ಅಂಕಿ ಇದ್ದರೆ ಒಂದು ಸುಳ್ಳು, ಅಷ್ಟೇ ಅವನ ಸಿದ್ಧಾಂತ. ತುಮಟಿ, ವಿಠಲಾಪುರದ ಹತ್ತಿರ ರಾಜ್ಯದ ಗಡಿಗುರುತೇ ಜಾಗ ಬದಲಿಸಿತೆಂಬ ತಕರಾರು ಎದ್ದದ್ದು ಅವನ ತಾಲ್ಲೂಕಿನಲ್ಲೇ. ಗಣಿಯ ಪರ್ಮಿಟ್ಟಿನಲ್ಲಿ ಒಂದು ತೂಕ, ಲಾರಿಯಲ್ಲಿ ಇನ್ನೊಂದು ಹೋದ ಕಥೆಯನ್ನು 2011ರ ಲೋಕಾಯುಕ್ತ ವರದಿ ಉದ್ದಕ್ಕೂ ಹೇಳಿದೆ. ವೇಬ್ರಿಡ್ಜಿನಲ್ಲಿ ಕೂತು ಚೀಟಿ ಬರೆದವನೇ ಅಹಜ್ಯನ ವಯಸ್ಸಿಗೆ ಪ್ರಮಾಣಪತ್ರ ಕೇಳುತ್ತಾನೆ.

ಕಂಪ್ಲಿಯವನು ಮೃದು. ಅವನಿಗೆ ಕುಮಾರರಾಮನ ಕಥೆ ಗೊತ್ತು. ಅದನ್ನು ಕವಿಗಳು ಒಂದು ಥರ, ಹಾಡುವವರು ಒಂದು ಥರ, ದಿಲ್ಲಿಯ ಕಡೆಯವರು ಇನ್ನೊಂದು ಥರ ಹೇಳುವುದನ್ನು ಕೇಳಿ ಬೆಳೆದವನು. ಯೂದನ ಎರಡು ಸಾವು ಅವನನ್ನು ಅಷ್ಟಾಗಿ ಕಾಡುವುದಿಲ್ಲ. ಹಾಗಾಗಿ ಕಂಪ್ಲಿಯಲ್ಲಿ ವಾದ ಬೇಗ ಮುಗಿದು ಭತ್ತದ ರೇಟಿಗೆ ತಿರುಗುತ್ತದೆ.

ಗೆಲುವು ನಿರ್ಣಯಿಸುವ ವಿಧಾನ ಎಲ್ಲ ಕಡೆ ಒಂದೇ: ಮೊದಲು ಎದ್ದವನು ಸೋತ, ಬಿಲ್ಲು ಅವನದು. ಬೈಬಲ್ ನಂಬಲರ್ಹವೇ ಎಂಬ ಪ್ರಶ್ನೆ ಹೀಗೆ ಬಹುಮಟ್ಟಿಗೆ ಬಸ್ಸಿನ ವೇಳಾಪಟ್ಟಿಯ ಮೇಲೆ ನಿಂತಿದೆ. ಹೊಸಪೇಟೆಯ ಸ್ಥಳೀಕರು ಹೆಚ್ಚು ಗೆಲ್ಲುತ್ತಾರೆ. ಕೊನೆ ಬಸ್ಸು ಹಿಡಿಯಬೇಕಾದ ಕಂಪ್ಲಿಯವರೂ ಗಂಗಾವತಿಯವರೂ ಹೆಚ್ಚು ಸೋಲುತ್ತಾರೆ. ಡ್ಯಾಮಿನ ಗೇಟು ತೆರೆದು ಕಂಪ್ಲಿ ಸೇತುವೆ ಮುಳುಗಿದ ದಿನ ಗಂಗಾವತಿಯವರು ನಿಶ್ಚಿಂತೆಯಿಂದ ಇನ್ನೊಂದು ತಟ್ಟೆ ಮಿರ್ಚಿ ಹೇಳುತ್ತಾರೆ. ಮುನಿರಾಬಾದ್ ಸುತ್ತಿ ಹೋಗುವ ದಾರಿಯೊಂದಿದೆ ಎಂದು ನೆನಪಿಸುವುದು ಆಗ ಪ್ರತಿವೀರನ ಪಾಲಿನ ಕೆಲಸ.